ನಮ್ಮ ಮನೆಯ ನೆಗಡಿ

ನಮ್ಮ ಮನೆಯಲ್ಲಿ ದಮ್ಮು ಅನ್ನುವ ಮಾತು ಆಡುವ ಹಾಗಿರಲಿಲ್ಲ. ದಮ್ಮು ಇತ್ತು, ಮಾತು ಇರಲಿಲ್ಲ. ಎದೆಯೊಳಗೆ ಸುಂಯ್ ಸುಂಯ್ ಅಂತ ಸೀಟಿ ಹೊಡೆಯುತ್ತಿತ್ತು, ಕುತ್ತಿಗೆಯ ಕೆಳಗಿನ ಕುಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಕೇಳಿದವರಿಗೆ ನೆಗಡಿ ಅನ್ನಬೇಕು. ಆಯಿ, ಅಂದರೆ ನಮ್ಮಪ್ಪನ ತಾಯಿ, ನನಗೆ ಕಲಿಸಿದ ಮೊದಲ ಪಾಠ ಅದು. ಅಕ್ಷರ ಅದರ ಆಮೇಲೆ ಬಂದವು, ಅವೂ ಎರಡನೇ ಇಯತ್ತೆಗೆ ನಿಂತವು. ನೆಗಡಿಯ ಪಾಠ ಮಾತ್ರ ನಾನು ಮುದುಕಿಯಾಗುವ ತನಕ ನಡೆಯಿತು. ಕೊರೊನಾ ಬಂದು, ಅದರ ಸೂಜಿ ಬಂದು, ದಮ್ಮಿನ ಮೈಗೆ ಅದನ್ನು ಮಾಡಿಸಿಕೊಳ್ಳಬೇಕೋ ಬೇಡವೋ ಅಂತ ವಿಚಾರಕ್ಕೆ ಬಿದ್ದಾಗ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಯಾವಗಲ್ ಊರಿನ ನಮ್ಮ ತವರುಮನೆ, ಅದರ ಹೊಟ್ಟಿನ ಕೋಣೆ. ನನ್ನ ಒಬ್ಬಳ ವಿಚಾರವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನರಗುಂದದಲ್ಲಿರುವ ನನ್ನ ತಂಗಿ ಈರವ್ವನಿಗೂ ದಮ್ಮು. ಅಕ್ಕ ಮಾಡಿದ್ದನ್ನೇ ತಾನೂ ಮಾಡುವುದು ಅಂತ ಅವಳು ಕುಳಿತುಬಿಟ್ಟಿದ್ದಳು. ಹೀಗಾಗಿ ಎರಡು ಜೀವದ ತೀರ್ಮಾನ ನನ್ನ ಒಂದು ತೋಳಿನ ಮೇಲೆ ಬಂದಿತ್ತು.

ಮನೆ ಮಣ್ಣಿನ ಮಾಳಿಗೆಯದು. ತಲೆಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ ಕಟ್ಟುವ ಜಾಗ. ಅಲ್ಲಿಂದ ಮೆಟ್ಟಿಲು ಏರಿದರೆ ಪಡಸಾಲೆ, ಬಂದವರು ಹೋದವರು ಕೂಡುವುದು ಅಲ್ಲಿ. ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಅಡುಗೆಮನೆ. ಕಿಟಕಿ ಅನ್ನುವುದು ಇರಲೇ ಇಲ್ಲ. ಮಾಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿಂಡಿ ಬಿಟ್ಟಿದ್ದರು, ಮಳೆ ಬಂದರೆ ಅದನ್ನೂ ಕಲ್ಲು ಹೇರಿ ಮುಚ್ಚುತ್ತಿದ್ದರು. ಆಗ ಒಲೆಯ ಹೊಗೆಗೆ ದಾರಿ ಇಲ್ಲ, ನಮ್ಮ ಮೂಗೇ ದಾರಿ. ಉರುವಲು ಅಂದರೆ ಸಗಣಿಯ ಕುಳ್ಳು ಮತ್ತು ಹತ್ತಿಕಟ್ಟಿಗೆ. ಎತ್ತು ಕಟ್ಟುವ ಜಾಗಕ್ಕೆ ಹೊಂದಿಕೊಂಡೇ ಹೊಟ್ಟಿನ ಕೋಣೆ. ಜೋಳದ ರಾಶಿ, ಕಡಲೆಯ ರಾಶಿ ತೂರಿದ ಮೇಲೆ ಉಳಿಯುವ ಹೊಟ್ಟನ್ನೆಲ್ಲ ಆ ಕೋಣೆಗೆ ತುಂಬುವುದು. ದನಕ್ಕೆ ವರ್ಷದ ಮೇವು. ಅದರ ಬಾಗಿಲು ತೆರೆದರೆ ಧೂಳು ಹೊಗೆಯ ಹಾಗೆ ಎದ್ದು ಬರುತ್ತಿತ್ತು. ಅದರ ಮುಂದೆ ಹಾಯ್ದರೆ ಸಾಕು, ನನಗೆ ಸೀನು, ಸೀನಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಸೀಟಿ. ಸುಗ್ಗಿಯಲ್ಲಿ ಎಲ್ಲರೂ ಮಲಗಿ ನಿದ್ದೆ ಮಾಡಿದರೆ ನಾನು ಜೋಳದ ಚೀಲಕ್ಕೆ ಆತು ಕೂತು ನಿದ್ದೆ ಮಾಡುತ್ತಿದ್ದೆ. ಕೂತು ಮಲಗುವುದು ಮನುಷ್ಯರ ಪದ್ಧತಿಯೇ ಅಂತ ಸಣ್ಣವಳಿದ್ದಾಗ ತಿಳಿದಿದ್ದೆ.

ಮಾತು ಮುಚ್ಚಿಟ್ಟದ್ದಕ್ಕೆ ಕಾರಣ ಸರಳ. ಹೆಣ್ಣುಮಗು. ದಮ್ಮಿನ ಹುಡುಗಿ ಅಂತ ಊರಿಗೆ ಗೊತ್ತಾದರೆ ನಾಳೆ ಒಯ್ಯುವವರು ಯಾರು? ಆಯಿ ಬೆಳಿಗ್ಗೆ ನನ್ನ ತಲೆ ಹಿಕ್ಕುವಾಗ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಯಾರರ ಕೇಳಿದ್ರ ಏನಂತಿ?"

"ನೆಗಡಿ ಅಂತೀನಿ."

"ಬ್ಯಾಸಗ್ಯಾಗ ಕೇಳಿದ್ರ?"

"ಬ್ಯಾಸಗಿ ನೆಗಡಿ ಅಂತೀನಿ."

"ಶಾಣ್ಯಾಕಿ."

ಮದ್ದು ಮಾಡಲಿಲ್ಲ ಅಂತಲ್ಲ, ಗುಟ್ಟಾಗಿ ಮಾಡಿದರು. ಮಿರಗ, ಅಂದರೆ ಮೃಗಶಿರಾ ಮಳೆ ಕೂಡುವ ದಿನ ಮೂಡಣ ಕಡೆಯ ಒಂದು ಊರಲ್ಲಿ ದಮ್ಮಿನವರಿಗೆ ಮದ್ದು ಕೊಡುತ್ತಿದ್ದರು. ನಕ್ಷತ್ರ ಕೂಡುವ ಗಳಿಗೆಗೆ ಸರಿಯಾಗಿ ಬಾಯಿಗೆ ಹಾಕಿಕೊಂಡು ನುಂಗಬೇಕು. ಬೀಗರ ಊರಿಗೆ ಹೋಗಿ ಬರುತ್ತೇವೆ ಅಂತ ಓಣಿಗೆ ಹೇಳಿ ಆಯಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಅದಾದ ಮೇಲೆ ಪಥ್ಯ. ಬದನೆಕಾಯಿ ಇಲ್ಲ, ಶೇಂಗಾ ಇಲ್ಲ, ಮೊಸರು ಇಲ್ಲ, ಕರಿದದ್ದು ಇಲ್ಲ. ಬದನೆಕಾಯಿ, ಶೇಂಗಾ, ಮೊಸರು ಬಿಟ್ಟರೆ ನಮ್ಮ ಕಡೆ ಊಟದಲ್ಲಿ ಉಳಿಯುವುದು ರೊಟ್ಟಿ ಮತ್ತು ರೊಟ್ಟಿ. ಪಂಚಮಿಗೆ ಓಣಿಯ ಹುಡುಗಿಯರೆಲ್ಲ ಶೇಂಗಾದ ಉಂಡಿ ಕಡಿಯುತ್ತ ಜೋಕಾಲಿ ಆಡಿದರೆ ನನ್ನ ಕೈಯಲ್ಲಿ ಜೋಳದ ಅಳ್ಳು. ನನ್ನ ತಾಟೂ ಬೇರೆ, ಅಂಚು ಸೊಟ್ಟಗಾದ ಸಣ್ಣ ಹಿತ್ತಾಳೆ ತಾಟು. ಉಳಿದವರ ತಾಟಿನ ಎಣ್ಣೆ ಜಿಡ್ಡು ತಾಕಬಾರದು ಅಂತ ಅವ್ವ ಅದನ್ನು ಬೇರೆ ತೊಳೆದು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಡಬ್ಬು ಹಾಕುತ್ತಿದ್ದಳು. ಗುಣವಾಯಿತೋ ಇಲ್ಲವೋ ನನಗೆ ತಿಳಿಯದು. ಮಳೆಗಾಲದಲ್ಲಿ ಧೂಳು ಕಡಿಮೆ, ಉಸಿರು ಹಗುರ. ಅದನ್ನು ಆಯಿ ಮದ್ದಿನ ಲೆಕ್ಕಕ್ಕೆ ಹಾಕುತ್ತಿದ್ದಳು. ಸುಗ್ಗಿಯಲ್ಲಿ ಮತ್ತೆ ಎದ್ದರೆ, ನಾನು ಕದ್ದು ಶೇಂಗಾ ತಿಂದದ್ದರ ಲೆಕ್ಕಕ್ಕೆ. ತಿಂದದ್ದೂ ಖರೆ.

ವರ್ಷದಲ್ಲಿ ಕೆಲವು ದಿನ ಮಾತ್ರ ನನ್ನ ಎದೆ ಎಲ್ಲರ ಎದೆಯ ಹಾಗೆ ಇರುತ್ತಿತ್ತು. ಓಣಿಯಲ್ಲಿ ಯಾರಿಗಾದರೂ ಸಿಡುಬು ಎದ್ದರೆ 'ಅಮ್ಮ ಬಂದಾಳ' ಅನ್ನುತ್ತಿದ್ದರು. ಅಮ್ಮ ಬಂದ ಮೇಲೆ ಓಣಿಯ ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಖಾರ ಕುಟ್ಟುವಂತಿಲ್ಲ, ಕಸ ಹೊಡೆಯುವಾಗ ಧೂಳು ಎಬ್ಬಿಸುವಂತಿಲ್ಲ. ಅಂಗಳಕ್ಕೆ ನೀರು, ಬಾಗಿಲಿಗೆ ಬೇವು, ಊಟಕ್ಕೆ ನುಚ್ಚು ಮಜ್ಜಿಗೆ. ಪಕ್ಕದ ಮನೆಯಲ್ಲಿ ಒಂದು ಮಗು ಚಾಪೆಯ ಮೇಲೆ ಒದ್ದಾಡುತ್ತಿದ್ದರೆ ನಮ್ಮ ಮನೆಯಲ್ಲಿ ನಾನು ಮಲಗಿ ನಿದ್ದೆ ಮಾಡುತ್ತಿದ್ದೆ. ಊರಿಗೆ ಅಮ್ಮ ಬಂದರೆ ನನಗೆ ಹಬ್ಬ. ಆಯಿ ಇದನ್ನು ಗಮನಿಸಿದ್ದಳು. ಈಕಿಯ ಮೇಲೆ ಅಮ್ಮನ ಕರುಣೆ ಇದೆ ಅಂತ ಅವಳು ಗಟ್ಟಿಯಾಗಿ ನಂಬಿದ್ದಳು. ಅಂಥ ಅಮ್ಮನನ್ನು ಸೂಜಿ ಚುಚ್ಚಿ ಮೈಗೆ ಬಾರದ ಹಾಗೆ ತಡೆಯುವವನು ಮನೆ ಬಾಗಿಲಿಗೆ ಬಂದರೆ ಅವಳು ಸುಮ್ಮನಿದ್ದಾಳೇ?

ಮೈಲಿ ಹಾಕುವವನು ಬರುತ್ತಾನೆ ಅಂತ ಹಿಂದಿನ ದಿನ ಡಂಗುರ ಸಾರಿದ್ದರು. ಸಿಡುಬು ಬರಬಾರದು ಅಂತ ಹಾಕುವ ಸೂಜಿಗೆ ಆಗ ಹಾಗೆ ಅನ್ನುತ್ತಿದ್ದರು. ತೋಳಿನ ಮೇಲೆ ಒಂದು ಹನಿ ಮದ್ದು ಬಿಟ್ಟು, ಅದರ ಮೇಲೆ ಮುಳ್ಳಿನ ಬಿಲ್ಲೆ ಇಟ್ಟು ತಿರುವುತ್ತಿದ್ದರು. ಬಾವು ಬಂದು ಕೀವಾಗಿ ಒಣಗಿ ದುಂಡನೆಯ ಕಲೆ ಉಳಿಯುತ್ತಿತ್ತು. ಡಂಗುರ ಸಾರಿದ್ದೇ ತಪ್ಪಾಯಿತು. ಬೆಳಗಾಗುವುದರೊಳಗೆ ಊರಿನ ಹುಡುಗರೆಲ್ಲ ಹೊಲ ಸೇರಿದ್ದರು. ಚಕ್ಕಡಿಯಲ್ಲಿ ಹೋದವರು, ಓಡಿ ಹೋದವರು. ನಾನು ಓಡುವಂತಿಲ್ಲ, ಊರ ಅಗಸಿಬಾಗಿಲು ದಾಟುವುದರೊಳಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಅಪ್ಪ ನಸುಕಿನಲ್ಲೇ ಚಕ್ಕಡಿ ಹೊಡೆದುಕೊಂಡು ಹೋಗಿದ್ದ. ಉಳಿದದ್ದು ಮನೆಯೊಳಗೆ ಅಡಗಿಸುವುದು. ಬಾಗಿಲು, ಅಗಳಿ ಎರಡೂ ಗಟ್ಟಿ ಇದ್ದದ್ದು ಹೊಟ್ಟಿನ ಕೋಣೆಗೆ ಮಾತ್ರ.

"ಅತ್ತೀರಿ, ಅಲ್ಲಿ ಬ್ಯಾಡ್ರಿ. ಹೊಟ್ಟಿನಾಗ ಕೂತ್ರ ಈಕಿಗೆ ಏಳತೈತಿ," ಅಂದಳು ಅವ್ವ.

"ಏನ ಏಳತೈತಿ?"

ಅವ್ವ ಆ ಮಾತು ಆಡಲಿಲ್ಲ. "ನೆಗಡಿ," ಅಂದಳು.

"ನೆಗಡಿಗೆ ಯಾರೂ ಸತ್ತಿಲ್ಲ. ಮಿರಗದ ಮದ್ದು ಇನ್ನೂ ಹೊಟ್ಯಾಗೈತಿ. ಒಂದು ಮೈಗೆ ಎರಡು ಮದ್ದು ಕೂಡಿದ್ರ ಉಳಿತಾಳೇನು? ನೀ ಹೋಗಿ ರೊಟ್ಟಿ ಬಡಿ."

ಆಯಿ ನನ್ನನ್ನು ಹೊಟ್ಟಿನ ಮೇಲೆ ಕೂರಿಸಿ, ಬಾಯಿಗೆ ಅರಿವೆ ಹಿಡಿದುಕೋ ಅಂತ ಹೇಳಿ, ಹೊರಗಿನಿಂದ ಅಗಳಿ ಹಾಕಿದಳು. ಕತ್ತಲು ಅಂತ ನನಗೆ ಹೆದರಿಕೆ ಆಗಲಿಲ್ಲ. ಕೂತಲ್ಲೇ ಕುಸಿಯುತ್ತಿತ್ತು ಹೊಟ್ಟು, ಕುಸಿದಷ್ಟೂ ಧೂಳು. ಮೊದಲು ಮೂಗು ತುರಿಸಿತು. ಸೀನು ಬಂದರೆ ಕೇಳಿಸುತ್ತದೆ ಅಂತ ಮೂಗು ಹಿಚುಕಿ ಹಿಡಿದೆ. ಸೀನು ಒಳಗೇ ಹೋಯಿತು, ಎದೆಯಲ್ಲಿ ಕೂತಿತು. ಆಮೇಲೆ ಒಳಗೆ ಎಳೆದುಕೊಂಡ ಉಸಿರು ಹೊರಗೆ ಬರದೇ ಹೋಯಿತು. ಜನ ದಮ್ಮು ಅಂದರೆ ಉಸಿರು ತಗೊಳ್ಳಲು ಬಾರದು ಅಂತ ತಿಳಿಯುತ್ತಾರೆ. ತಗೊಂಡದ್ದನ್ನು ಬಿಡಲು ಬಾರದು, ಅದು ದಮ್ಮು.

ಮೈಲಿ ಹಾಕುವವನು ಸೈಕಲ್ಲಿನ ಮೇಲೆ ಬಂದ. ಎಲ್ಲಿ ಹೋದರೂ ಹುಡುಗರಿಲ್ಲದ ಊರು ನೋಡಿ ಅವನಿಗೂ ಸಾಕಾಗಿತ್ತು ಅಂತ ಕಾಣುತ್ತದೆ. ನಮ್ಮ ಪಡಸಾಲೆಯಲ್ಲಿ ಕೂತು ನೀರು ಕೇಳಿದ. ಅವನ ಮಾತು, ಆಯಿಯ ಮಾತು ಬಾಗಿಲ ಸಂದಿಯಿಂದ ನನಗೆ ಕೇಳಿಸುತ್ತಿತ್ತು.

"ಹುಡುಗ್ರು ಎಲ್ಲಿ ಅಜ್ಜಿ?"

"ನಮ್ಮನ್ಯಾಗ ತೊಟ್ಟಿಲದಾಗಿನ ಕೂಸು ಒಂದ ಐತ್ರಿ. ಅದೂ ಹಸೀ ಕೂಸು."

"ಅದೇನು ಸಪ್ಪಳ, ಆ ಕೋಣ್ಯಾಗ?"

"ಬೆಕ್ಕು ಮರಿ ಹಾಕೇತ್ರಿ."

"ಬೆಕ್ಕು ಸೀಟಿ ಹೊಡಿತೈತೇನು?"

"ಒಂದೊಂದು ಹೊಡಿತಾವ್ರಿ."

ಅವನು ನಕ್ಕಿರಬೇಕು. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಅಗಳಿ ಸರಿಯಿತು. ತೆರೆದವಳು ಅವ್ವ, ಕೈ ತುಂಬ ಜೋಳದ ಹಿಟ್ಟು. ಆಯಿ ಎದುರಿಗಿರುವಾಗ ಅವ್ವ ತಾನಾಗಿ ಒಂದು ಬಾಗಿಲು ತೆರೆದದ್ದನ್ನು ನಾನು ಅದೇ ಮೊದಲು ನೋಡಿದೆ. ಹಿಟ್ಟಿನ ಕೈಯಿಂದಲೇ ನನ್ನ ರಟ್ಟೆ ಹಿಡಿದು ಎಳೆದು ತಂದು ಅವನ ಮುಂದೆ ಕೂರಿಸಿ ಹೇಳಿದಳು.

"ದಮ್ಮು ಐತ್ರಿ ಇಕಿಗೆ. ನೋಡ್ರಿ."

ಆ ಮಾತು ನಮ್ಮ ಮನೆಯವರು ಬಾಯಿ ಬಿಟ್ಟು ಆಡಿದ್ದು ಅದೊಂದೇ ಸಲ. ಅವನು ನನ್ನನ್ನು ತಲೆಬಾಗಿಲ ಗಾಳಿಗೆ ಕರೆದೊಯ್ದು, ಮುಂದಕ್ಕೆ ಬಾಗಿಸಿ, ಮೊಣಕಾಲ ಮೇಲೆ ಮೊಣಕೈ ಊರಿಸಿ ಕೂರಿಸಿದ. ಕಡಕ್ ಚಹಾ ಮಾಡಿಸಿ ಗುಟುಕು ಗುಟುಕಾಗಿ ಕುಡಿಸಿದ. ನನಗೆ ಮಾತಾಡಲು ಬರುವಷ್ಟು ಆದ ಮೇಲೆ ತನ್ನ ಪೆಟ್ಟಿಗೆಯ ಮುಚ್ಚಳ ಹಾಕಿದ.

"ಇವತ್ತು ಈಕಿಗೆ ಹಾಕಂಗಿಲ್ಲ. ದಮ್ಮು ಎದ್ದಾಗ ಬ್ಯಾಡ. ಇಳಿದ ಮ್ಯಾಲೆ ಹಾಕಬೇಕು, ಬಿಡಬ್ಯಾಡ್ರಿ. ಇಂಥಾ ಎದಿಗೆ ಸಿಡುಬು ಬಂದ್ರ ತಡಿಯಂಗಿಲ್ಲ. ಮುಂದಿನ ಸಂತಿ ದಿನ ಬರ್ತೀನಿ, ಹೊಟ್ಟಿನಾಗ ಮುಚ್ಚಬ್ಯಾಡ್ರಿ ಮತ್ತ."

ಅವ್ವ ತೊಟ್ಟಿಲಿನಿಂದ ಈರವ್ವನನ್ನು ಎತ್ತಿ ತಂದು, ಈಕಿಗೆ ಹಾಕ್ರಿ ಅಂದಳು. ಅವಳ ತೋಳಿಗೆ ಹಾಕಿ ಹೋದ.

ಸಂಜೆಗೆ ಆಯಿ ಕಟ್ಟೆಯ ಮೇಲೆ ಕೂತು ಓಣಿಗೆ ಹೇಳಿದ್ದು ಬೇರೆ. "ನಾ ಅಂದಿದ್ದಲ್ಲವ್ವಾ, ಸೂಜಿಯವನ ಬಾಯಿಂದನ ಬಂತು. ನಮ್ಮ ಹುಡುಗಿ ಮೈಗೆ ಸೂಜಿ ಆಗಂಗಿಲ್ಲಂತ." ಅವನು ಹೇಳಿದ್ದರ ಮೊದಲ ಅರ್ಧ ತೆಗೆದುಕೊಂಡಳು, ಉಳಿದ ಅರ್ಧ ಬಿಟ್ಟಳು. ಸುಳ್ಳು ಹೇಳುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಿರಲಿಕ್ಕಿಲ್ಲ. ಬೇಕಾದಷ್ಟು ಕೇಳಿಸಿಕೊಂಡಳು. ಆದರೆ ಪರವೂರಿನವನ ಮುಂದೆ ಸೊಸೆ ದಮ್ಮು ಅಂದದ್ದನ್ನು ಮರೆಯಲಿಲ್ಲ. ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಅವ್ವನನ್ನು ಬೈದ. ಅವ್ವ ಆಯಿಯ ಕಾಲು ಹಿಡಿದ ಮೇಲೆ ಆಯಿ ಎದ್ದು ನುಚ್ಚು ಉಂಡಳು.

ಅವನು ಹೇಳಿದ ಹಾಗೇ ಸಂತೆಯ ದಿನ ಬಂದ. ಆವತ್ತು ನನ್ನ ಎದೆ ನಿಚ್ಚಳವಾಗಿತ್ತು. ಆಯಿ ನನ್ನನ್ನು ನಡುಮನೆಯ ಬಾಗಿಲ ಹಿಂದೆ ನಿಲ್ಲಿಸಿ, ತಾನು ಹೊಸ್ತಿಲಲ್ಲಿ ನಿಂತಳು.

"ಹುಡುಗಿ ಸವಡಿಗೆ ಹೋಗ್ಯಾಳ್ರಿ, ಸ್ವಾದರಮಾವನ ಮನಿಗೆ."

ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಕಟ್ಟೆಯ ಕಡೆ ನೋಡಿದ. ಅಲ್ಲಿ ನನ್ನ ಸೊಟ್ಟ ತಾಟು, ಹುಡುಗರು ಉಣ್ಣುವ ಸಣ್ಣ ತಾಟು, ಆಗಷ್ಟೇ ತೊಳೆದು ಡಬ್ಬು ಹಾಕಿದ್ದು, ನೀರು ಇನ್ನೂ ಇಳಿಯುತ್ತಿತ್ತು. ನೋಡಿದ, ಒಳಗಿನ ಕತ್ತಲೆಯ ಕಡೆಗೂ ನೋಡಿದ. "ಆತು ಅಜ್ಜಿ," ಅಂದು ಸೈಕಲ್ ಹತ್ತಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳು ಬಾಗಿಲು ತೆರೆಯಲಿಲ್ಲ.

ಮುಂದೆ ನನಗೆ ಸಿಡುಬು ಬಂದು ಮುಖ ಕೆಟ್ಟಿತು ಅಂತ ಹೇಳಿದರೆ ಕಥೆ ಸರಿಹೋಗುತ್ತಿತ್ತು. ಬರಲಿಲ್ಲ. ಊರಿನಲ್ಲಿ ಬೇರೆಯವರಿಗೆ ಬಂತು, ಒಂದೆರಡು ಮಕ್ಕಳು ಹೋದವು. ನನ್ನನ್ನು ಅದು ಮುಟ್ಟಲಿಲ್ಲ. ಹೀಗಾಗಿ ಆಯಿ ಗೆದ್ದಳು. ಆಮೇಲೆ ಈರವ್ವನಿಗೂ ದೊಡ್ಡವಳಾಗುವಾಗ ದಮ್ಮು ಶುರುವಾಯಿತು. ಆ ಹೊಗೆ, ಆ ಹೊಟ್ಟು ಇಬ್ಬರಿಗೂ ಒಂದೇ. ಆದರೆ ಆಯಿ ಅವಳ ತೋಳಿನ ದುಂಡು ಕಲೆ ತೋರಿಸಿ, "ಈ ಸೂಜಿಯಿಂದನ ನಿನಗ ಬಂತು ನೋಡು" ಅನ್ನುತ್ತಿದ್ದಳು. ಆಯಿ ಸತ್ತಳು, ಮನೆ ಬಿದ್ದಿತು, ಆ ಮಾತು ಉಳಿಯಿತು. ನಮ್ಮಂಥ ಮೈಗೆ ಸೂಜಿ ಆಗಂಗಿಲ್ಲ. ಕಾಲಿಗೆ ಮೊಳೆ ನೆಟ್ಟರೂ ನಾವಿಬ್ಬರೂ ಅರಿಸಿನ ಹಚ್ಚಿಕೊಂಡವರೇ ಹೊರತು ಸೂಜಿಗೆ ಹೋದವರಲ್ಲ.

ನನ್ನನ್ನು ಗಜೇಂದ್ರಗಡಕ್ಕೆ ಕೊಟ್ಟರು. ನೋಡಲು ಬಂದವರನ್ನು ಆಯಿ ಮಳೆಗಾಲದಲ್ಲೇ ಕರೆಸಿದ್ದಳು, ಉಸಿರು ಹಗುರವಿರುವ ದಿನ ನೋಡಿ. ಸುಗ್ಗಿ ಬಂದಾಗ ಗಂಡನಿಗೆ ಗೊತ್ತಾಯಿತು. ಸಿಟ್ಟಿಗೇಳುತ್ತಾರೆ ಅಂತ ಗಂಟು ಕಟ್ಟಿಕೊಂಡು ಕೂತಿದ್ದೆ. ಅವರು ಭಜನೆಯ ಮನುಷ್ಯ. ನನ್ನ ಎದೆಯ ಸಪ್ಪಳ ಸ್ವಲ್ಪ ಹೊತ್ತು ಕೇಳಿ, "ನಿಮ್ಮವರು ಹುಡುಗಿ ಜೋಡಿ ಪೇಟೀನೂ ಕೊಟ್ಟಾರ, ಹೇಳೇ ಇರಲಿಲ್ಲ" ಅಂದರು. ಪೇಟಿ ಅಂದರೆ ಅವರ ಹಾರ್ಮೋನಿಯಂ. ಅಷ್ಟೇ ಅಂದರು. ಆದರೆ ಬೀದಿಗೆ ಮಾತ್ರ ಅವರೂ ನೆಗಡಿ ಅಂತಲೇ ಹೇಳಿದರು, ಅತ್ತೆಯೂ ಹಾಗೇ ಹೇಳಿದಳು. ಮೂರು ಮಕ್ಕಳನ್ನು ಹೆತ್ತದ್ದೂ ನೆಗಡಿಯಲ್ಲೇ.

ಕೊರೊನಾದ ಎರಡನೇ ಸಲದ ಹೊಡೆತ ಭಾಳ ಕೆಟ್ಟದ್ದು. ನಮ್ಮ ಓಣಿಯಲ್ಲೇ ಹೆಣ ಎದ್ದವು. ಹೊತ್ತೊಯ್ಯಲು ನಾಲ್ಕು ಜನ ಬರಲಿಲ್ಲ. ಉಸಿರು ಸಿಗದೆ ಸಾಯುವುದು ಅಂದರೆ ಏನು ಅಂತ ಜನ ಟಿವಿಯಲ್ಲಿ ನೋಡಿ ತಿಳಿದುಕೊಂಡರು. ನನಗೆ ನೋಡುವ ಜರೂರು ಇರಲಿಲ್ಲ. ಅದರ ಅರ್ಧ ದಾರಿಯ ತನಕ ನಾನು ಎಷ್ಟೋ ಸಲ ಹೋಗಿ ಬಂದವಳು. ನಳದ ಹತ್ತಿರ ನೀರಿಗೆ ನಿಂತ ಹೆಂಗಸರು, "ದಮ್ಮಿನವರಿಗೆ ಅದು ಬಂದ್ರ ಉಳಿಯಂಗಿಲ್ಲ" ಅನ್ನುತ್ತಿದ್ದರು. ಕೊಡ ತುಂಬುವುದರೊಳಗೆ ಅವರೇ, "ದಮ್ಮಿನವರು ಸೂಜಿ ಮಾಡಿಸ್ಕೊಂಡ್ರ ಉಳಿಯಂಗಿಲ್ಲ" ಅನ್ನುತ್ತಿದ್ದರು. ಹೇಗೂ ಉಳಿಯಂಗಿಲ್ಲ ಅಂದ ಮೇಲೆ ವಿಚಾರ ಮಾಡುವುದೇನು ಅಂತ ಕೊಡ ಹೊತ್ತು ಬಂದೆ. ಆದರೆ ಮನೆಯಲ್ಲಿ ನನ್ನ ಸೊಸೆ ಶೈಲಾ ಬಿಡಲಿಲ್ಲ. ಅವಳು ಹೊಲಿಗೆ ಮಷೀನಿನ ಮುಂದೆ ಕೂತು ಮಾತಾಡುವವಳು. ಕಾಲು ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

"ಅತ್ತೀ, ಆಗತೈತೋ ಇಲ್ಲೋ ಅನ್ನೂದನ್ನ ನಳದ ಮುಂದ ಯಾಕ ಕೇಳ್ತೀರಿ? ನಿಮಗ ಬಾಯಾಗ ಹೊಡ್ಕೊಳ್ಳೂ ಪಂಪ್ ಬರಕೊಟ್ಟ ರೋಣದ ಡಾಕ್ಟರಬಾಯಿನ್ನ ಕೇಳ್ರಿ."

"ಕೇಳಿದ್ರ ಆಕಿ ಮಾಡಿಸ್ಕೋ ಅಂತಾಳ."

"ಅಂದ್ರ ಮಾಡಿಸ್ಕೋರಿ."

"ಸತ್ರ?"

"ಕೇಳದನ ಸಾಯೂದಕ್ಕಿಂತ ಕೇಳಿ ಸಾಯ್ರಿ."

ನನ್ನ ಬಾಯಿಯೇ ಅವಳಿಗೆ ಬಂದಿದೆ. ರೋಣಕ್ಕೆ ಹೋದೆವು. ಡಾಕ್ಟರಬಾಯಿ ನನ್ನ ಎದೆಗೆ ನಳಿಕೆ ಇಟ್ಟು ಕೇಳಿದಳು, ಬೆರಳಿಗೆ ಚಿಮಟ ಹಾಕಿ ನೋಡಿದಳು. ಹಿಂದೆ ಯಾವ ಔಷಧಕ್ಕಾದರೂ ಮೈ ದದ್ದು ಎದ್ದಿತ್ತೇ, ಮುಖ ಬಾತಿತ್ತೇ ಅಂತ ವಿಚಾರಿಸಿದಳು. ಇಲ್ಲ ಅಂದೆ.

"ದಮ್ಮಿನವರಿಗೆ ಸೂಜಿ ಆಗತೈತೇನ್ರಿ?"

"ಈಗ ದಮ್ಮು ಐತೇನಮ್ಮಾ?"

"ಈಗಿಲ್ಲ."

"ಹಂಗಾದ್ರ ಈಗ ಮಾಡಿಸ್ಕೋರಿ. ಎದ್ದಾಗ ಬ್ಯಾಡ, ಜ್ವರ ಇದ್ದಾಗ ಬ್ಯಾಡ. ಇಳಿದ ಮ್ಯಾಲೆ ಬಿಡಬ್ಯಾಡ್ರಿ. ಈ ಬ್ಯಾನಿ ಬಂದ್ರ ಕಷ್ಟ ಆಗೂದು ನಿಮ್ಮಂಥಾ ಎದಿಗೇನ. ದಿನದ ಪಂಪ್ ತಪ್ಪಸಬ್ಯಾಡ್ರಿ, ಹೋಗುವಾಗ ಕೈಯಾಗ ಹಿಡ್ಕೊಂಡು ಹೋಗ್ರಿ. ಮಾಡಿಸ್ಕೊಂಡ ಮ್ಯಾಲೆ ಅರ್ಧ ತಾಸು ಅಲ್ಲೇ ಕುಂದ್ರ್ರಿ. ಮತ್ತ ದಮ್ಮು ಐತಿ ಅಂತ ಅಲ್ಲಿ ಬಾಯಿಬಿಟ್ಟು ಹೇಳ್ರಿ."

ಬಸ್ಸಿನಲ್ಲಿ ಶೈಲಾ ಏನೇನೋ ಮಾತಾಡುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಎದ್ದಾಗ ಬೇಡ, ಇಳಿದ ಮೇಲೆ ಬಿಡಬೇಡಿ. ಇದನ್ನು ನಾನು ಎಲ್ಲೋ ಕೇಳಿದ್ದೆ. ಇಷ್ಟು ವರ್ಷ ಆಯಿ ಹೇಳಿದ ಅರ್ಧವೇ ನನ್ನ ತಲೆಯಲ್ಲೂ ಇತ್ತು, ಓಣಿಗೆ ಹೇಳುತ್ತ ಹೇಳುತ್ತ ಅದೇ ಪೂರ್ತಿಯಾಗಿತ್ತು. ಬಸ್ಸು ಹೊಲದ ನಡುವೆ ಹೋಗುವಾಗ ಉಳಿದ ಅರ್ಧ ಬಂತು. ಚಹಾದ ಬಿಸಿ ಬಂತು, ಮುಚ್ಚಳ ಹಾಕಿದ ಪೆಟ್ಟಿಗೆ ಬಂತು, ಕಟ್ಟೆಯ ಮೇಲೆ ನೀರಿಳಿಯುವ ತಾಟು ಬಂತು. ಅವನು ಬರುತ್ತೇನೆ ಅಂದು ಬಂದಿದ್ದ. ಆವತ್ತು ನನ್ನ ಎದೆ ನಿಚ್ಚಳವಿತ್ತು. ಸೂಜಿ ನನ್ನ ಮೈಗೆ ಆಗಲಿಲ್ಲ ಅನ್ನುವುದು ಎಂದೂ ನಡೆದೇ ಇರಲಿಲ್ಲ. ಆಗುತ್ತದೋ ಇಲ್ಲವೋ ಅಂತ ಯಾರೂ ನೋಡಿಯೇ ಇರಲಿಲ್ಲ. ಇಷ್ಟು ಕಂಡ ಮೇಲೆ ಹೆದರಿಕೆ ಹೋಯಿತು ಅಂತೇನಿಲ್ಲ. ಹೆದರಿಕೆ ಇತ್ತು. ಆದರೆ ಅದು ಆಯಿಯದ್ದು, ನನ್ನದಲ್ಲ ಅಂತ ಗೊತ್ತಾಯಿತು. ಮನೆಗೆ ಬಂದು ಈರವ್ವನಿಗೆ ಫೋನು ಹಚ್ಚಿಸಿದೆ.

"ನಾಡಿದ್ದು ಮಾಡಿಸ್ಕೋತೀನಿ," ಅಂದೆ.

"ಬುದ್ಧಿ ಐತೇನಕ್ಕಾ? ನನಗ ಇದು ಬಂದದ್ದ ಆ ಸೂಜಿಯಿಂದ. ಆಯಿ ಹೇಳಿದ್ದು ಮರತ್ಯಾ?"

"ನನಗ ಯಾವ ಸೂಜಿಯಿಂದ ಬಂತು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಮತ್ತೆ ಕೇಳಿದೆ.

"ಹೇಳು. ನನ್ನ ತೋಳ ಮ್ಯಾಲೆ ಕಲಿ ಐತೇನು? ನಿನಕಿಂತ ಮೊದಲ ನನಗ ಬಂತು. ನಿನಗ ಸೂಜಿಯಿಂದ ಬಂದ್ರ ನನಗ ಹೊಟ್ಟಿನಿಂದ ಬಂತೇನು?"

"ಆಯಿ ಸುಳ್ಳ ಹೇಳ್ತಿದ್ಳೇನು ಹಂಗಾದ್ರ?"

"ಅರ್ಧ ಹೇಳಿದ್ಳು." ಆವತ್ತಿನದನ್ನೆಲ್ಲ ಹೇಳಿದೆ. ಅವಳು ಆಗ ಕೂಸು, ಅವಳಿಗೆ ಗೊತ್ತಿದ್ದದ್ದು ಆಯಿಯ ಕಥೆ ಮಾತ್ರ. ಪೂರ್ತಿ ಕೇಳಿದಳು. ಕೇಳಿ, ಅವಳ ಸ್ವಭಾವದಂತೆ ಅರ್ಧ ಒಪ್ಪಿದಳು.

"ಮೊದಲ ನೀ ಮಾಡಿಸ್ಕೋ. ಉಳದ್ರ ನಾ ಬರ್ತೀನಿ."

"ಉಳೀದಿದ್ರ?"

"ನಿನ್ನ ತಿಥಿ ದಿನಕ್ಕ ಬರ್ತೀನಿ."

ಹುಡುಗರು ಓದುವ ಸಾಲಿಯೊಳಗೆ ಸೂಜಿ ಮಾಡುತ್ತಿದ್ದರು. ಬೇವಿನ ಮರದ ನೆರಳಿಗೆ ಪಾಳಿ. ನನ್ನ ಹಿಂದೆ ನಿಂತವಳು ನನ್ನ ಕೈಯಲ್ಲಿದ್ದ ಪಂಪ್ ನೋಡಿ ಕಿವಿಯ ಹತ್ತಿರ ಬಂದಳು. "ಅದನ್ನ ಸೆರಗಿನಾಗ ಮುಚ್ಕೋ ಅಕ್ಕಾ. ದಮ್ಮು ಅಂದ್ರ ಹೊಳ್ಳಿ ಕಳಸ್ತಾರ. ಬರೇ ನೆಗಡಿ ಅನ್ನು." ಯಾವಗಲ್ಲಿನ ಆಯಿ ನನ್ನ ಹಿಂದೆ ಪಾಳಿಯಲ್ಲಿ ನಿಂತ ಹಾಗಾಯಿತು. ನನ್ನ ಸರದಿ ಬಂತು. ಕುರ್ಚಿಯ ಮೇಲೆ ಕೂತೆ. ಏನಾದರೂ ಕಾಯಿಲೆ ಇದೆಯೇ ಅಂತ ನರ್ಸ್ ಕೇಳಿದಳು. ಬಾಯಿಗೆ ನೆಗಡಿಯೇ ಬಂತು. ಅದನ್ನು ನುಂಗಿದೆ.

"ದಮ್ಮು ಐತಿ. ಸಣ್ಣಾಕಿದ್ದಾಗಿಂದ ಐತಿ. ಇವತ್ತು ಎದ್ದಿಲ್ಲ."

ಇಷ್ಟು ಜೋರಾಗಿ ಹೇಳಿದೆನಂತೆ, ಪಾಳಿಯವರೆಲ್ಲ ತಿರುಗಿ ನೋಡ್ತಿದ್ರು ಅಂತ ಶೈಲಾ ಆಮೇಲೆ ನಕ್ಕಳು. ನರ್ಸ್ ತಿರುಗಿಯೂ ನೋಡಲಿಲ್ಲ. "ಚಲೋ ಆತು ಹೇಳಿದ್ದು. ತೋಳು ಸಡ್ಲ ಬಿಡ್ರಿ," ಅಂದು ಚುಚ್ಚಿದಳು. ಅಷ್ಟು ಸಣ್ಣ ಸೂಜಿಗಾಗಿ ಆ ಮನೆಯಲ್ಲಿ ಅಷ್ಟು ದೊಡ್ಡ ಅಗಳಿ ಹಾಕಿದ್ದರು. ಅರ್ಧ ತಾಸು ಕೂತೆ. ಎದೆ ಸಪ್ಪಳ ಮಾಡಲಿಲ್ಲ. ಸಂಜೆಗೆ ಮೈ ಬಿಸಿಯಾಯಿತು, ತೋಳು ಬಡಿಗೆ ತಗೊಂಡು ಹೊಡೆದ ಹಾಗೆ ನೋಯಿತು. ಮರುದಿನ ಮಧ್ಯಾಹ್ನಕ್ಕೆ ಎದ್ದು ರೊಟ್ಟಿ ಬಡಿದೆ. ಅಷ್ಟೇ.

ಈರವ್ವ ತಕ್ಷಣ ಬರಲಿಲ್ಲ. ದಿನಾ ಫೋನು ಮಾಡಿ ಬದುಕಿದ್ದೀಯಾ ಅಂತ ಕೇಳುವುದು, ಇಡುವುದು. ಬಸ್ಸು ಸರಾಗ ಓಡತೊಡಗಿದ ಮೇಲೆ ಒಂದು ದಿನ ಕೈಚೀಲ ಹಿಡಿದು ಬಂದಳು. ಬಾಗಿಲಲ್ಲೇ ನನ್ನ ತೋಳು ಹಿಡಿದು ತಿರುವಿ ನೋಡಿದಳು. ಕಲೆ ಎಲ್ಲಿ ಅಂದಳು. ಈಗಿನದಕ್ಕೆ ಕಲೆ ಬೀಳುವುದಿಲ್ಲ ಅಂದೆ. ಕಲೆ ಇಲ್ಲದ್ದು ಹಾಕಿದ್ದು ಖರೆಯೋ ಸುಳ್ಳೋ ಹೇಗೆ ಗೊತ್ತಾಗಬೇಕು ಅಂತ ಗೊಣಗುತ್ತಲೇ ನನ್ನ ಹಿಂದೆ ಸಾಲಿಗೆ ನಡೆದಳು. ಪಾಳಿಯಲ್ಲಿ ನನ್ನ ಕೈ ಬಿಡಲಿಲ್ಲ. ಅವಳ ಎದೆಯೂ ಆವತ್ತು ನಿಚ್ಚಳವಿತ್ತು, ನಾನು ಕಿವಿಯಿಟ್ಟು ನೋಡಿದ್ದೆ. ಕುರ್ಚಿಯಲ್ಲಿ ಕೂತಳು, ಸೆರಗು ಸರಿಸಿದಳು, ಯಾವಗಲ್ಲಿನ ದುಂಡು ಕಲೆ ಹೊರಗೆ ಬಂತು. ಅದೇ ನರ್ಸ್ ಕೇಳಿದಳು.

"ಏನರ ಬ್ಯಾನಿ ಐತೇನ್ರಿ?"

"ಏನಿಲ್ರಿ," ಅಂದಳು ಈರವ್ವ. "ಬರೇ ನೆಗಡಿ."

ನಾನು ಅವಳ ಹಿಂದೆಯೇ ನಿಂತಿದ್ದೆ.

"ದಮ್ಮು," ಅಂದೆ. "ಇಬ್ಬರಿಗೂ."